ದೂರದ ಬೆಟ್ಟ, ಹತ್ತಿರದ ಋಣ

2016ರ ಫೆಬ್ರವರಿ ತಿಂಗಳ ಎರಡನೆಯ ವಾರವನ್ನು ನಮ್ಮಲ್ಲಿ ಅನೇಕರು ಮರೆತಿರಲಾರರು. ಆ ತಿಂಗಳ 3ರಂದು ಸಿಯಾಚಿನ್ ಹಿಮನದಿಯ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿದು, ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಮಂದಿ ಅದರಡಿಯಲ್ಲಿ ಹೂತುಹೋದರು. ಯಾರೂ ಉಳಿದಿರಲಾರರೆಂದೇ ಎಲ್ಲರೂ ತಿಳಿದಿದ್ದಾಗ, 8ರ ರಾತ್ರಿ, ಅಗೆಯುತ್ತಿದ್ದವರಿಗೆ ಒಬ್ಬ ಯೋಧರು ಇನ್ನೂ ಉಸಿರಾಡುತ್ತಿದ್ದ ಸ್ಥಿತಿಯಲ್ಲಿ ಸಿಕ್ಕಿದರು. ಅವರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಅವರನ್ನು ದೆಹಲಿಯ ಸೈನಿಕ ಆಸ್ಪತ್ರೆಗೆ ತಂದರು. ದೇಶದ ದೇಶವೇ ಹರಕೆ ಹೊತ್ತಿತು. 11ರ ಬೆಳಗ್ಗೆ ಅವರು ತೀರಿಕೊಂಡರು. ಆ ಹತ್ತು ಮಂದಿಯಲ್ಲಿ ಮೂವರು ಕನ್ನಡನಾಡಿನವರು.

ಮುಂಬಯಿಯ ನಮ್ಮ ಕಟ್ಟಡದಲ್ಲಿ ಮರಾಠಿ, ಗುಜರಾತಿ ನೆರೆಯವರು ಆ ಮೂರು ದಿನವೂ ಮೆಟ್ಟಿಲಲ್ಲಿ ನಮ್ಮನ್ನು ತಡೆದು, "ನಿಮ್ಮ ಕಡೆಯವರಂತೆ, ಈಗ ಹೇಗಿದ್ದಾರೆ?" ಎಂದು ಮನೆಯವರ ಯೋಗಕ್ಷೇಮ ಕೇಳುವಂತೆ ಕೇಳುತ್ತಿದ್ದರು. ನಮಗೆ ಅವರ ಪರಿಚಯವೆಲ್ಲಿಯದು? ಆದರೂ "ಹೌದು, ನಮ್ಮವರು" ಎಂದು ಹೇಳುವಾಗ ಗಂಟಲು ಕಟ್ಟುತ್ತಿತ್ತು.

ಆ ಭಾನುವಾರ ಸಂಘದ ಸಭೆಯಲ್ಲಿ ಎರಡು ನಿಮಿಷ ಮೌನ ಆಚರಿಸಿದೆವು. ಅನಂತರ ಚಹಾ ಬಂದಾಗ ಇಬ್ಬರು ಹಿರಿಯರ ನಡುವೆ ಮಾತು ಬೆಳೆಯಿತು. "ಹುಲ್ಲು ಹುಟ್ಟದ ಜಾಗಕ್ಕಾಗಿ ಇನ್ನೆಷ್ಟು ಮಕ್ಕಳನ್ನು ಕಳಕೊಳ್ಳಬೇಕು? ಸಾಕು, ಇಳಿದು ಬರಲಿ," ಎಂದರು ಒಬ್ಬರು. ಇನ್ನೊಬ್ಬರ ಅಣ್ಣ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ತರಬೇತಾಗಿ ಸೈನ್ಯದಲ್ಲಿ ಸವೆದವರು. "ಇಷ್ಟು ಜನ ಸತ್ತ ಮೇಲೆ ಇಳಿದು ಬಂದರೆ ಅವರೆಲ್ಲ ಯಾತಕ್ಕೆ ಸತ್ತ ಹಾಗಾಯಿತು?" ಎಂದು ಅವರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಚಹಾ ಆರಿಹೋಯಿತು.

ಸತ್ತವರಿಗೆ ನಾವು ಏನನ್ನು ಸಲ್ಲಿಸಬೇಕು? ಅವರು ಮಡಿದ ಜಾಗವನ್ನು ಬಿಡದಿರುವುದೇ ಅವರ ಋಣ ತೀರಿಸುವ ದಾರಿಯೇ? ಆ ದಿನದಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಸೈನ್ಯದ ತಂತ್ರ ನಮಗೆ ತಿಳಿಯದು. ಆದರೆ ಇದು ತಂತ್ರದ ಪ್ರಶ್ನೆಯಷ್ಟೇ ಅಲ್ಲ, ಧರ್ಮದ ಪ್ರಶ್ನೆ. ಆದ್ದರಿಂದ ನಮ್ಮಂಥವರೂ ಇದನ್ನು ಯೋಚಿಸಬಹುದು, ಯೋಚಿಸಲೂ ಬೇಕು.

ಮೊದಲು ಆ ಜಾಗದ ಪರಿಚಯ ಮಾಡಿಕೊಳ್ಳೋಣ. ಬಾಲ್ಟಿ ಭಾಷೆಯಲ್ಲಿ ಸಿಯಾಚಿನ್ ಎಂದರೆ ಕಾಡುಗುಲಾಬಿ ಹೇರಳವಾಗಿರುವ ಎಡೆಯೆಂದು ಅರ್ಥ. ಗುಲಾಬಿ ಏನಿದ್ದರೂ ಬುಡದ ಕಣಿವೆಯಲ್ಲಿ. ಮೇಲಿರುವುದು ಎಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ಉದ್ದದ ಹಿಮದ ಹಾಸು, ಅದರ ಪಶ್ಚಿಮಕ್ಕೆ ಸಾಲ್ಟೋರೊ ಪರ್ವತದ ಏಣು. ನಮ್ಮ ಮುಖ್ಯ ಠಾಣೆಗಳಿರುವುದು ಆ ಏಣಿನ ಮೇಲೆ. ಸೋನಮ್ ಠಾಣೆ ಹತ್ತೊಂಬತ್ತು ಸಾವಿರ ಅಡಿಗೂ ಎತ್ತರದಲ್ಲಿದೆ. ಅಷ್ಟು ಮೇಲೆ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ನಮ್ಮ ಕಡಲತೀರದಲ್ಲಿ ದೊರೆಯುವುದರ ಅರ್ಧದಷ್ಟೂ ಇಲ್ಲ. ಚಳಿಗಾಲದಲ್ಲಿ ಶೀತ ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿಯುತ್ತದೆ. ಬರಿಗೈಯಲ್ಲಿ ಬಂದೂಕಿನ ಲೋಹವನ್ನು ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಗಟ್ಟಿಮುಟ್ಟಾದ ಹುಡುಗನ ಶ್ವಾಸಕೋಶದಲ್ಲಿ ಒಂದೇ ರಾತ್ರಿ ನೀರು ತುಂಬಿ ಅವನು ಉಸಿರುಗಟ್ಟಿ ಸಾಯಬಹುದು. ಇಂಥ ಠಾಣೆಯಲ್ಲಿ ಒಬ್ಬ ಯೋಧ ಸಾಮಾನ್ಯವಾಗಿ ಮೂರು ತಿಂಗಳು ಕಳೆಯುತ್ತಾನೆ.

ಇಲ್ಲಿ ಸೈನ್ಯ ಬಂದು ನಿಂತದ್ದೇಕೆ? 1949ರ ಕರಾಚಿ ಒಪ್ಪಂದದಲ್ಲಿ ಎಳೆದ ಕದನವಿರಾಮ ರೇಖೆ ನಕಾಶೆಯ ಮೇಲೆ ಎನ್‌ಜೆ 9842 ಎಂಬ ಗುರುತಿನವರೆಗೆ ಬಂದು ನಿಂತಿತು. ಅಲ್ಲಿಂದಾಚೆಗೆ ಉತ್ತರಕ್ಕೆ ಹಿಮನದಿಗಳ ಕಡೆಗೆ ಎಂಬರ್ಥದ ಒಂದು ಮಾತನ್ನಷ್ಟೇ ಬರೆದರು. 1972ರ ಸಿಮ್ಲಾ ಒಪ್ಪಂದದ ಮೇಲೆ ನಿಯಂತ್ರಣ ರೇಖೆ ಎಳೆದಾಗಲೂ ಅದನ್ನು ಅಲ್ಲಿಗೇ ಬಿಟ್ಟರು. ಮನುಷ್ಯನೇ ಹೋಗಲಾರದ ಕಡೆ ಗೆರೆ ಯಾಕೆಂದು ಅವರಿಗೆ ಅನಿಸಿರಬೇಕು. ಮುಂದೆ ವಿದೇಶೀ ಪರ್ವತಾರೋಹಿಗಳು ಪಾಕಿಸ್ತಾನದ ಪರವಾನಗಿ ಪಡೆದು ಅಲ್ಲಿಗೆ ಹತ್ತತೊಡಗಿದರು. ಹೊರದೇಶಗಳ ನಕಾಶೆಗಳಲ್ಲಿ ಆ ಗುರುತಿನಿಂದ ನೇರ ಕಾರಕೋರಂ ಕಣಿವೆಗೆ ಗೆರೆ ಕಾಣಿಸಿಕೊಂಡಿತು. 1978ರಲ್ಲಿ ಕರ್ನಲ್ ನರೇಂದ್ರ ಕುಮಾರ್ ತಮ್ಮ ತಂಡದೊಡನೆ ಹಿಮನದಿಯನ್ನು ಹತ್ತಿ ನೋಡಿ ಬಂದರು. 1984ರ ಏಪ್ರಿಲ್ 13ರಂದು ಕುಮಾಂವ್ ರೆಜಿಮೆಂಟಿನ ಯೋಧರು ಹೆಲಿಕಾಪ್ಟರಿನಿಂದ ಬಿಲಾಫೊಂಡ್ ಕಣಿವೆಯಲ್ಲಿ ಇಳಿದರು. ಕಾಳಿದಾಸನನ್ನು ನೆನೆದೋ ಏನೋ, ಆ ಕಾರ್ಯಾಚರಣೆಗೆ ಇಟ್ಟ ಹೆಸರು ಮೇಘದೂತ. ಪಾಕಿಸ್ತಾನದ ಸೈನಿಕರು ಬರುವಷ್ಟರಲ್ಲಿ ಎತ್ತರದ ಜಾಗಗಳೆಲ್ಲ ನಮ್ಮವರ ಕೈಯಲ್ಲಿದ್ದವು.

ಅರ್ಧಕ್ಕೆ ಬಿಟ್ಟ ಒಂದು ವಾಕ್ಯದ ಬೆಲೆಯನ್ನು ಅಂದಿನಿಂದ ಎರಡೂ ಕಡೆಯ ಯೋಧರು ತೆರುತ್ತಿದ್ದಾರೆ. 2016ರ ಹೊತ್ತಿಗೆ ನಮ್ಮ ಕಡೆಯಲ್ಲೇ ಎಂಟುನೂರಕ್ಕೂ ಹೆಚ್ಚು ಮಂದಿ ಅಲ್ಲಿ ಮಡಿದಿದ್ದರು. ಹೆಚ್ಚಿನವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಚಳಿ, ಹಿಮಕುಸಿತ, ಬಿರುಕು, ಎತ್ತರದ ಕಾಯಿಲೆ. 2003ರ ನವೆಂಬರಿನ ಕದನವಿರಾಮದ ಮೇಲೆ ಅಲ್ಲಿ ಫಿರಂಗಿಗಳು ಸುಮ್ಮನಾದವು. ಹಿಮ ಸುಮ್ಮನಾಗಲಿಲ್ಲ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಆದರೆ ಈ ಬೆಟ್ಟ ನಾವೆಣಿಸಿದಷ್ಟು ದೂರದಲ್ಲಿಲ್ಲ. 1948ರ ನವೆಂಬರಿನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ದಾರಿ ತೆರೆದವರು ಕೊಡಗಿನ ತಿಮ್ಮಯ್ಯನವರು. ಸಿಯಾಚಿನ್ನಿನ ಠಾಣೆಗಳಿಗೆ ದಶಕಗಳ ಕಾಲ ಸೀಮೆಎಣ್ಣೆ, ಆಹಾರ ಒಯ್ದು, ಕಾಯಿಲೆಯವರನ್ನು ಇಳಿಸಿ ತಂದ ಚೀತಾ ಹೆಲಿಕಾಪ್ಟರುಗಳು ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಸೈನಿಕರಿಗಾಗಿ ತಿಂಗಳುಗಟ್ಟಲೆ ಕೆಡದ ಚಪಾತಿ ಮೊದಲಾದ ತಿನಿಸುಗಳನ್ನು ರೂಪಿಸಿದ್ದು 1961ರಲ್ಲಿ ಸ್ಥಾಪನೆಯಾದ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. ಅಲ್ಲಿಗೆ ಹೋಗುವ ಮಕ್ಕಳೂ ನಮ್ಮ ಊರುಗಳವರೇ. ಹಾಗಿರುವಾಗ ಅಲ್ಲಿ ಆಗುವುದರಲ್ಲಿ ನಮ್ಮ ಪಾಲಿಲ್ಲವೆಂದು ಹೇಳುವುದಾದರೂ ಹೇಗೆ?

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಇಷ್ಟು ಜನ ಸತ್ತ ಮೇಲೆ ಇಳಿದು ಬರುವುದೆಂತು? ಈ ಮಾತಿಗೆ ನಮ್ಮ ರಕ್ತದಲ್ಲೇ ಓಗೊಡುವ ಗುಣವಿದೆ. ಕನ್ನಡನಾಡಿನ ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ನಿಂತಿವೆ. ಉಂಡ ಜೋಳದ ಋಣವನ್ನು ಪ್ರಾಣ ಕೊಟ್ಟು ತೀರಿಸುವುದಕ್ಕೆ ಜೋಳವಾಳಿ ಎಂಬ ಮಾತೇ ನಮ್ಮ ಭಾಷೆಯಲ್ಲಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಕಂಬವಿದೆ. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ಗರುಡನಾಗಿದ್ದ ಕುವರ ಲಕ್ಷ್ಮ, ತನ್ನ ಪತ್ನಿ ಮತ್ತು ಸಂಗಡಿಗರೊಡನೆ ತಾನೂ ಪ್ರಾಣ ನೀಗಿದ್ದಕ್ಕೆ ಅದು ಸಾಕ್ಷಿ. ಸತ್ತವನಿಗಾಗಿ ಸಾಯುವುದರ ತುದಿ ಅದು. ಆ ಕಂಬದ ಮುಂದೆ ನಿಂತರೆ ಇಂದಿಗೂ ಕೈ ತಾನಾಗಿ ಮುಗಿಯುತ್ತದೆ. ಆದರೆ ಇಂದು ಯಾವ ತಾಯಿಯ ಮಗನನ್ನಾದರೂ ಕರೆದು, "ಅವನು ಸತ್ತನಲ್ಲ, ನೀನೂ ಸಾಯಬೇಕು" ಎಂದು ಹೇಳಲು ನಮ್ಮಲ್ಲಿ ಯಾರಿಗೆ ಬಾಯಿ ಬಂದೀತು?

ಸತ್ತವರಿಗಾಗಿಯೇ ನಾವು ಆ ಠಾಣೆಯಲ್ಲಿ ಇದ್ದೇವೆ ಎನ್ನುವುದಾದರೆ ನಾವು ಹೇಳುತ್ತಿರುವುದು ಅದನ್ನೇ. ಲೆಕ್ಕ ಮಾಡಿ ನೋಡಿ. ಹತ್ತು ಮಂದಿ ಸತ್ತದ್ದು ಅಲ್ಲಿ ಉಳಿಯಲು ಕಾರಣವಾದರೆ, ಹನ್ನೊಂದನೆಯವನು ಸತ್ತಾಗ ಕಾರಣ ಇನ್ನಷ್ಟು ಬಲವಾಯಿತು. ನೂರನೆಯವನು ಸತ್ತಾಗ ಅದು ಅಲುಗದಂತಾಯಿತು. ಇದು ಹಳ್ಳಿಯ ಸಾಹುಕಾರನ ಸಾಲದಂತೆ. ಕಟ್ಟಿದ್ದೆಲ್ಲ ಬಡ್ಡಿಗೇ ಜಮೆ, ಅಸಲು ಮಾತ್ರ ಬೆಳೆಯುತ್ತ ಹೋಗುತ್ತದೆ. ಮೊದಲಿಗೆ ಏನೂ ಬೆಲೆಯಿಲ್ಲದ ಒಂದು ದಿನ್ನೆ ಕೂಡ, ಅಲ್ಲಿ ಸಾಕಷ್ಟು ಜನ ಸತ್ತರೆ, ಅಮೂಲ್ಯವಾಗಿಬಿಡುತ್ತದೆ. ತನ್ನ ವೆಚ್ಚದಿಂದಲೇ ಬಲಗೊಳ್ಳುವ ಕಾರಣವನ್ನು ಕಾರಣವೆಂದು ಒಪ್ಪಬಹುದೆ?

ಇನ್ನೂ ಒಂದು ಮಾತಿದೆ. 2012ರ ಏಪ್ರಿಲ್ 7ರಂದು ಸಾಲ್ಟೋರೊದ ಆಚೆ ಬದಿಯ ಗಯಾರಿಯಲ್ಲಿ ಹಿಮ ಕುಸಿದು ಪಾಕಿಸ್ತಾನದ 129 ಸೈನಿಕರೂ 11 ಮಂದಿ ನಾಗರಿಕರೂ ಸತ್ತರು. ಒಂದೇ ಬೆಳಗಿನಲ್ಲಿ 140 ಜನ. ಅವರಿಗೂ ಹೆತ್ತವರಿದ್ದರು. "ಇಷ್ಟು ಜನ ಸತ್ತ ಮೇಲೆ ಬಿಡುವುದೆಂತು" ಎಂದು ಅವರೂ ಕೇಳಬಹುದಲ್ಲವೆ? ಎರಡೂ ಕಡೆಯ ಸತ್ತವರು ಒಂದೇ ಮಾತನ್ನು ಹೇಳುತ್ತಿದ್ದರೆ, ಆ ಮಾತಿನಿಂದ ಯಾವ ನ್ಯಾಯವೂ ತೀರ್ಮಾನವಾಗದು.

ಹಾಗಾದರೆ ಮೊದಲನೆಯ ಹಿರಿಯರು ಹೇಳಿದಂತೆ ಇಳಿದು ಬರುವುದೇ ಸರಿಯೆ? ಅಲ್ಲಿಯೂ ಅಷ್ಟು ಸುಲಭವಿಲ್ಲ. ಸಾವುಗಳ ಎಣಿಕೆಯೊಂದೇ ಇರುವುದಕ್ಕೆ ಹೇಗೆ ಕಾರಣವಾಗದೋ, ಬಿಡುವುದಕ್ಕೂ ಹಾಗೆಯೇ ಕಾರಣವಾಗದು. 1999ನ್ನು ನೆನೆಯಿರಿ. ಕಾರ್ಗಿಲ್ ಪ್ರದೇಶದಲ್ಲಿ ಚಳಿಗಾಲಕ್ಕೆಂದು ತೆರವು ಮಾಡಿದ ಶಿಖರಗಳನ್ನು ಪಾಕಿಸ್ತಾನದ ಸೈನಿಕರು ಸದ್ದಿಲ್ಲದೆ ಬಂದು ಹಿಡಿದರು. ಫೆಬ್ರವರಿಯಲ್ಲಿ ಲಾಹೋರಿನಲ್ಲಿ ಸ್ನೇಹದ ಘೋಷಣೆಯಾಗಿತ್ತು. ಮೇ ತಿಂಗಳಲ್ಲಿ ನುಸುಳಿದ್ದು ಬೆಳಕಿಗೆ ಬಂತು. ಆ ಶಿಖರಗಳನ್ನು ಮರಳಿ ಪಡೆಯಲು ನಾವು 527 ಜೀವ ತೆತ್ತೆವು. ಸಾಲ್ಟೋರೊ ಆ ಶಿಖರಗಳಿಗಿಂತಲೂ ಎತ್ತರ. ಇಂದು ಕನಿಕರದಿಂದ ಇಳಿದು, ನಾಳೆ ಆ ಕಡಿದಾದ ಹಿಮದ ಗೋಡೆಯನ್ನು ಗುಂಡಿನ ಮಳೆಯಲ್ಲಿ ಹತ್ತಿರೆಂದು ಬೇರೆ ಮಕ್ಕಳಿಗೆ ಹೇಳಬೇಕಾಗಿ ಬಂದರೆ, ಇಂದಿನ ಕನಿಕರವೇ ನಾಳಿನ ಕ್ರೌರ್ಯವಾದೀತು. ಮುಂಬಯಿಯ ಫ್ಯಾನಿನ ಕೆಳಗೆ ಕೂತು ಇಳಿದು ಬನ್ನಿರೆನ್ನುವುದೂ ಸುಲಭ, ಹತ್ತಿ ನಿಲ್ಲಿರೆನ್ನುವುದೂ ಸುಲಭ. ಎರಡೂ ಮಾತಿನ ಬೆಲೆಯನ್ನು ತೆರುವವನು ಬೇರೊಬ್ಬ.

ಇಲ್ಲಿ ಒಂದು ಪ್ರಸಂಗ ನಮಗೆ ದಾರಿ ತೋರುತ್ತದೆ. ಹಿಮನದಿಯ ಪ್ರದೇಶದಲ್ಲಿ 21,000 ಅಡಿಗೂ ಮೇಲಿನ ಒಂದು ಶಿಖರದಲ್ಲಿ ಪಾಕಿಸ್ತಾನ ಠಾಣೆ ಹಾಕಿ, ಅದಕ್ಕೆ ಕಾಯಿದ್ ಎಂದು ಹೆಸರಿಟ್ಟಿತ್ತು. 1987ರ ಮೇ ತಿಂಗಳಲ್ಲಿ ಅದರ ದಾರಿಯನ್ನು ಶೋಧಿಸಲು ಹೋದ ಸೆಕೆಂಡ್ ಲೆಫ್ಟಿನೆಂಟ್ ರಾಜೀವ ಪಾಂಡೆಯವರೂ ಅವರ ಸಂಗಡಿಗರೂ ಗುಂಡಿಗೆ ಬಲಿಯಾದರು. ಮುಂದಿನ ತಿಂಗಳು ಆ ಠಾಣೆಯ ಮೇಲೆ ನಡೆದ ದಾಳಿಗೆ ಆಪರೇಷನ್ ರಾಜೀವ್ ಎಂದೇ ಹೆಸರಾಯಿತು. ಜೂನ್ 26ರಂದು ನಾಯಬ್ ಸುಬೇದಾರ್ ಬಾನಾ ಸಿಂಗ್ ಕೆಲವೇ ಸಂಗಡಿಗರೊಡನೆ ಹಿಮಗಾಳಿಯಲ್ಲಿ ಹತ್ತಿ ಅದನ್ನು ಗೆದ್ದರು. ಪರಮವೀರ ಚಕ್ರ ಪಡೆದರು. ಹೆಸರು ನೋಡಿದರೆ ಇದು ಸತ್ತವನ ಸೇಡು ಎನಿಸಬಹುದು. ಆದರೆ ದಾಳಿಯ ಕಾರಣ ಬೇರೆ. ಆ ಶಿಖರದಿಂದ ಕೆಳಗಿನ ನಮ್ಮ ಠಾಣೆಗಳು ಶತ್ರುವಿನ ಕಣ್ಣಳತೆಯಲ್ಲಿದ್ದವು. ಸೋನಮ್ ಕೂಡ ಅವುಗಳಲ್ಲೊಂದು. ಅಲ್ಲಿಗೆ ಹೆಲಿಕಾಪ್ಟರ್ ಇಳಿಸುವುದೇ ಕಷ್ಟವಾಗಿತ್ತು. ಹೆಸರು ಸತ್ತವನದು; ಕಾರಣ, ಕೆಳಗೆ ಇನ್ನೂ ಬದುಕಿದ್ದವರು.

ನಮಗೆ ಇದೇ ಸರಿಯಾದ ವಿವೇಕವೆಂದು ತೋರುತ್ತದೆ. ಸತ್ತವರಿಗೆ ಸಲ್ಲಬೇಕಾದದ್ದು ಗೌರವ. ತೀರ್ಮಾನಕ್ಕೆ ಕಾರಣವಾಗಬೇಕಾದದ್ದು ಬದುಕಿರುವವರ ಹಿತ. ಅಲ್ಲಿ ಉಳಿಯುವುದು ಸರಿಯಾದರೆ ಅದು ಇಂದಿನ, ನಾಳಿನ ಕಾರಣಕ್ಕಾಗಿ ಸರಿಯಾಗಬೇಕು. ಆ ಕಾರಣ ಇಲ್ಲವಾದ ದಿನ ಇಳಿದು ಬಂದರೆ ಸತ್ತವರ ತ್ಯಾಗ ಒಂದು ಕೂದಲೆಳೆಯಷ್ಟೂ ಕಡಿಮೆಯಾಗದು. ಅವರು ತಮ್ಮ ಕಾಲದ ಕರ್ತವ್ಯವನ್ನು ಪೂರ್ತಿಯಾಗಿ ಮಾಡಿ ಹೋದವರು. ನಮ್ಮ ಕಾಲದ ತೀರ್ಮಾನಕ್ಕೆ ಅವರ ಪ್ರಾಣವನ್ನು ಅಡವಿಡುವ ಹಕ್ಕು ನಮಗಿಲ್ಲ.

ಹಾಗಾದರೆ ಜೋಳವಾಳಿ? ಅದನ್ನು ನಾವು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಶಾಸನದ ವೀರಗಲ್ಲುಗಳಲ್ಲಿ ಅವನು ಸತ್ತನೆಂದು ಮಾತ್ರ ಬರೆದಿರುವುದಿಲ್ಲ. ತುರುಗಳನ್ನು ಬಿಡಿಸಲೋ, ಊರಿನ ಮೇಲೆ ಬಿದ್ದವರನ್ನು ತಡೆಯಲೋ, ಯಾರ ಆಳ್ವಿಕೆಯಲ್ಲಿ, ಯಾವ ಕಾಳಗದಲ್ಲಿ ಎಂದು ಕಾರಣ ಹೇಳಿರುತ್ತದೆ. ಎಷ್ಟೋ ಕಡೆ ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯ ಲೆಕ್ಕವೂ ಇರುತ್ತದೆ. ಅದಕ್ಕೆ ನೆತ್ತರುಗೊಡಗೆ ಎನ್ನುತ್ತಿದ್ದರು. ಜೋಳ ಉಂಡವನಿಗೆ ಒಂದು ಧರ್ಮವಿದ್ದಂತೆ ಜೋಳ ಇಕ್ಕಿದವನಿಗೂ ಒಂದು ಧರ್ಮವಿತ್ತು. ಅಂದು ಇಕ್ಕುತ್ತಿದ್ದವನು ಅರಸ. ಇಂದು ಅರಸನಿಲ್ಲ. ಸಂಬಳದಿಂದ ತೆರಿಗೆ ಮುರಿಸಿಕೊಳ್ಳುವ, ಅಂಗಡಿಯಲ್ಲಿ ಸೋಪು ಕೊಳ್ಳುವಾಗಲೂ ತೆರಿಗೆ ಕೊಡುವ ನಾವೇ ಆ ಯೋಧನಿಗೆ ಜೋಳ ಇಕ್ಕುತ್ತಿರುವವರು. ಇಕ್ಕಿದವನ ಧರ್ಮ ಈಗ ನಮ್ಮ ಮೇಲಿದೆ.

ಯೋಧ ಅಪ್ಪಣೆಯನ್ನು ಪ್ರಶ್ನಿಸುವಂತಿಲ್ಲ. ಈ ಠಾಣೆಗೆ ನಾನೇಕೆ ಹೋಗಬೇಕೆಂದು ಒಬ್ಬೊಬ್ಬನೂ ಕೇಳತೊಡಗಿದರೆ ಸೈನ್ಯವೇ ಉಳಿಯದು. ಹಾಗೆ ಕೇಳುವುದನ್ನು ಬಿಟ್ಟುಕೊಟ್ಟೇ ಅವನು ಸಮವಸ್ತ್ರ ತೊಟ್ಟಿರುತ್ತಾನೆ. ಆದರೆ ಅವನು ಕೇಳದೆ ಬಿಟ್ಟ ಪ್ರಶ್ನೆ ಮಾಯವಾಗುವುದಿಲ್ಲ. ಅದನ್ನು ಅವನು ನಮ್ಮ ಕೈಯಲ್ಲಿಟ್ಟು ಬೆಟ್ಟ ಹತ್ತಿದ್ದಾನೆ. ಕೇಳದಿರುವುದು ಅವನ ಧರ್ಮವಾದ್ದರಿಂದಲೇ ಕೇಳುವುದು ನಮ್ಮ ಧರ್ಮ. ಈ ಠಾಣೆ ಇಂದಿಗೂ ಬೇಕೆ? ಇದೇ ಜಾಗದಲ್ಲಿ ಬೇಕೆ? ತಡೆಯಬಹುದಾಗಿದ್ದ ಸಾವು ಯಾವುದು, ತಡೆಯಲಾಗದ್ದು ಯಾವುದು? ಹಿಮದ ಬೂಟು, ಟೆಂಟು, ಔಷಧ ಸಾಕಷ್ಟಿವೆಯೆ? ಮಾತುಕತೆಯ ಬಾಗಿಲು ಎಲ್ಲಿ ಮುಚ್ಚಿಕೊಂಡಿತು? ಇವನ್ನು ಕೇಳುವವನು ದೇಶದ್ರೋಹಿಯಲ್ಲ. ಕೇಳದೆ ಜಯಕಾರ ಹಾಕುವವನೇ ಉಂಡ ಮನೆಗೆ ಎರಡು ಬಗೆದವನು ಎಂದರೂ ತಪ್ಪಾಗದು.

ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದು ಸರಿಯಲ್ಲ. 1989ರ ಜೂನ್‌ನಲ್ಲಿ ಎರಡೂ ದೇಶಗಳ ರಕ್ಷಣಾ ಕಾರ್ಯದರ್ಶಿಗಳು ಕೂತು, ಸೈನ್ಯಗಳನ್ನು ಹಿಂದೆ ಸರಿಸುವ ಮಾತಿನ ಸಮೀಪಕ್ಕೆ ಬಂದಿದ್ದರು. ಅದು ಕೂಡಿಬರಲಿಲ್ಲ. 2005ರ ಜೂನ್‌ನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಸಿಯಾಚಿನ್ನಿಗೇ ಹೋಗಿ, ಇದು ಶಾಂತಿಯ ಪರ್ವತವಾಗಲಿ ಎಂಬ ಆಶಯ ಹೇಳಿ ಬಂದರು. ಅದೂ ಆಶಯವಾಗಿಯೇ ಉಳಿಯಿತು. ಗಂಟು ಇರುವುದು ಇಲ್ಲಿ: ಈಗ ಯಾರು ಎಲ್ಲಿ ನಿಂತಿದ್ದಾರೆಂಬುದನ್ನು ನಕಾಶೆಯ ಮೇಲೆ ಗುರುತಿಸಿ ಇಬ್ಬರೂ ರುಜು ಹಾಕಬೇಕು, ಅನಂತರ ಇಳಿಯೋಣ ಎಂಬುದು ನಮ್ಮ ದೇಶದ ಕೇಳಿಕೆ. ಪಾಕಿಸ್ತಾನ ಅದಕ್ಕೆ ಒಪ್ಪಲಿಲ್ಲ. 1999ನ್ನು ಕಂಡ ಮೇಲೆ ಆ ಕೇಳಿಕೆ ಅತಿಯೆಂದು ನಮಗೆ ಅನಿಸುವುದಿಲ್ಲ. 2025ರ ಪಹಲ್ಗಾಮ್ ಹತ್ಯೆ ಮತ್ತು ಮೇ ತಿಂಗಳ ಸಂಘರ್ಷ ಇದ್ದ ನಂಬಿಕೆಯನ್ನೂ ಸವೆಸಿವೆ. ಆದ್ದರಿಂದ ರುಜುವಿಲ್ಲದೆ ಇಳಿಯಬಾರದೆಂಬುದೇ ನಮ್ಮ ಮತ. ಆದರೆ ಎಂದಾದರೊಂದು ದಿನ ಆ ರುಜು ಬಿದ್ದರೆ, ಅಂದು ಯಾರೂ ಸತ್ತವರ ಹೆಸರೆತ್ತಿ ಬದುಕಿರುವವರ ದಾರಿಗೆ ಅಡ್ಡ ನಿಲ್ಲಬಾರದು. ತಲೆಯೆತ್ತಿ ಇಳಿದು ಬರುವ ಮನಸ್ಸನ್ನು ನಾವು ಈಗಿನಿಂದಲೇ ಸಿದ್ಧ ಮಾಡಿಕೊಂಡಿರಬೇಕು. ಹತ್ತುವುದಕ್ಕೆ ಬೇಕಾದಷ್ಟೇ ಎದೆಗಾರಿಕೆ ಅದಕ್ಕೂ ಬೇಕು.

2022ರ ಆಗಸ್ಟಿನಲ್ಲಿ ಹಿಮನದಿ ಒಂದು ಶರೀರವನ್ನು ಮರಳಿಸಿತು. 1984ರ ಮೇ ತಿಂಗಳಲ್ಲಿ, ಮೇಘದೂತದ ಮೊದಲ ದಿನಗಳಲ್ಲೇ ಹಿಮಕುಸಿತಕ್ಕೆ ಸಿಕ್ಕಿದ ಕುಮಾಂವ್ ರೆಜಿಮೆಂಟಿನ ಯೋಧನೊಬ್ಬನದು. ಗುರುತು ಹಿಡಿದದ್ದು ಸೈನ್ಯದ ಸಂಖ್ಯೆಯಿದ್ದ ಬಿಲ್ಲೆಯಿಂದ. 38 ವರ್ಷಗಳ ಮೇಲೆ ಆ ದೇಹ ಹೆಂಡತಿ ಮಕ್ಕಳಿದ್ದ ಊರಿಗೆ ಬಂತು. ತರುಣಿಯಾಗಿ ಬೀಳ್ಕೊಟ್ಟವರು ಮುದುಕಿಯಾಗಿ ಬರಮಾಡಿಕೊಂಡರು. ಅಷ್ಟು ವರ್ಷ ಆಕೆ ಕಾದದ್ದರ ಲೆಕ್ಕವನ್ನು ಯಾವ ನಕಾಶೆಯಲ್ಲಿ ಗುರುತಿಸೋಣ?

ಸಂಘದ ಆ ಇಬ್ಬರು ಹಿರಿಯರಲ್ಲಿ ಒಬ್ಬರು ಈಗಿಲ್ಲ. ಇದ್ದಿದ್ದರೆ ಇದನ್ನು ಓದಿ ಇಬ್ಬರೂ ಒಪ್ಪುತ್ತಿರಲಿಲ್ಲವೆಂದೇ ನಮ್ಮ ಊಹೆ. ಒಪ್ಪದಿದ್ದರೆ ಚಿಂತೆಯಿಲ್ಲ, ಮಾತು ನಿಲ್ಲದಿದ್ದರೆ ಸಾಕು. ನಮ್ಮ ಮಕ್ಕಳು ಶಾಲೆಯ ನಕಾಶೆಯಲ್ಲಿ ಸಿಯಾಚಿನ್ ಎಲ್ಲಿದೆಯೆಂದು ಕೂಡಲೆ ತೋರಿಸುತ್ತಾರೆ. ಬೆಟದೂರು ಎಲ್ಲಿದೆಯೆಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಮುಂದಿನ ಬಾರಿ ರಜೆಗೆ ಊರಿಗೆ ಹೋಗುವಾಗ, ರೈಲು ಹುಬ್ಬಳ್ಳಿ ದಾಟುವ ಹೊತ್ತಿಗೆ, ಕಿಟಕಿಯ ಹೊರಗೆ ಕೈಮಾಡಿ ಅದು ಇದೇ ಸೀಮೆಯಲ್ಲಿದೆಯೆಂದು ಅವರಿಗೆ ಹೇಳೋಣ. ಯಾಕೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಉತ್ತರ ಹೇಳಲು ನಾವು ಸಿದ್ಧರಿರಬೇಕು.